ವಾಸನೆಯಿಲ್ಲದ ಪುಡಿ

ಮೀನು ಮಾರುವ ಜಲಜ ಡಬ್ಬಿಯ ಮುಚ್ಚಳ ತೆಗೆದು ಮೂಗಿಗೆ ಹಿಡಿದಳು. ಕಿವಿರು ಬಿಡಿಸಿದೊಡನೆ ಮೀನಿನ ಹಣೆಬರಹ ಹೇಳಿಬಿಡುವ ಆ ಮೂಗಿಗೆ ಬಿಳಿ ಪುಡಿ ಏನನ್ನೂ ಹೇಳಲಿಲ್ಲ. ಚಿಟಿಕೆ ನಾಲಿಗೆಗೆ ಹಾಕಿಕೊಂಡಳು. ಸಪ್ಪೆ. ಇಂಥ ಸಪ್ಪೆ ವಸ್ತುವಿಗೆ ಜೀವ ಉಳಿಸುವ ತಾಕತ್ತು ಎಲ್ಲಿಂದ ಬಂತು ಎಂಬ ಹಳೇ ಕುತೂಹಲ ಮತ್ತೆ ಕೆರಳಿತು. ಡಬ್ಬಿಯನ್ನು ಸೆರಗಿನಡಿ ಸೇರಿಸಿಕೊಂಡು ಬ್ರಹ್ಮಾವರದ ಆಸ್ಪತ್ರೆಯ ಐಸಿಯು ಬಾಗಿಲು ತಳ್ಳಿದಳು.

ಒಳಗೆ ಮಲಗಿದ್ದವನು ತಮ್ಮ ಶೀನ. ಗುಲ್ವಾಡಿ ಹೊಳೆಯ ಕೆಸರಿನಲ್ಲಿ ಬರಿಗಾಲಲ್ಲಿ ನಿಂತು ಬಲೆ ಬೀಸುವವನು. ಇಲಿಜ್ವರ ಹಿಡಿದು ಎರಡೂ ಕಿಡ್ನಿ ಕೈಕೊಟ್ಟಿದ್ದವು. ಮೂಗಿನ ನಳಿಗೆಯಲ್ಲೇ ಊಟ. ಹಿಂದೊಮ್ಮೆ ಕುಷ್ಟ ಎಂಬ ಹೆಸರಿನ ಅವಳ ಗಂಡ ದೋಣಿಗೆ ಹತ್ತಿದ ಬೆಂಕಿಯಲ್ಲಿ ಬೆಂದು ಬಿದ್ದಿದ್ದಾಗಲೂ ಇಂಥದೇ ನಳಿಗೆಯಿತ್ತು. ಅದರಲ್ಲಿ ಈ ಪುಡಿ ಹೋಗುತ್ತಿತ್ತು. ಮೈಯ ಮಾಂಸ ಕಟ್ಟುವ ಬಿಡಿ ಮಣಿಗಳಲ್ಲಿ ಇದೊಂದು ಎಂದು ಆಗಿನ ಡಾಕ್ಟರು ಹೇಳಿದ್ದರು. ಕುಷ್ಟ ಎದ್ದು ಕೂತ. ಅಲ್ಲಿಂದೀಚೆಗೆ ತನ್ನೂರು ಬೀಜಾಡಿಯಲ್ಲಿ ಯಾರು ಮಲಗಿದರೂ ಜಲಜ ಪುಡಿಯ ಮಹಿಮೆ ಹೇಳದೆ ಬಿಟ್ಟವಳಲ್ಲ.

ಶೀನನ ನಳಿಗೆಗೆ ಪುಡಿ ಹಾಕಲೆಂದು ಅವಳು ಮುಚ್ಚಳ ತೆಗೆಯುವಷ್ಟರಲ್ಲಿ ಡಾಕ್ಟರ್ ಶ್ರೀಲತಾ ಬೆನ್ನ ಹಿಂದೆ ನಿಂತಿದ್ದರು. ಬಿಜೂರಿನ ಹುಡುಗಿ, ಬಯ್ಯಲಿಲ್ಲ. ಡಬ್ಬಿಯ ಮೇಲಿನ ಅಕ್ಷರ ಓದಿ, ಅವಳನ್ನು ಹೊರಗಿನ ಬೆಂಚಿಗೆ ಕರೆತಂದು ಕೂರಿಸಿದರು.

"ಇದ್ ವಿಷ ಅಲ್ಲ ಜಲಜಕ್ಕ. ಆರೆ ನಿಮ್ಮ್ ತಮ್ಮಂಗೆ ಈಗ ಆತಿಲ್ಲೆ."

ಗಂಡ ಉಳಿದದ್ದು, ತಾನು ಪುಡಿಯ ಜೊತೆ ತಿನ್ನಿಸಿದ್ದು ಎಲ್ಲ ಹೇಳಿ, ಯಾಕೆ ಎಂದು ಜಲಜ ಬಿಡದೆ ಕೇಳಿದಳು. ಶ್ರೀಲತಾ ಬಿಡಿಸಿ ಹೇಳಿದರು. ಇದು ಗ್ಲುಟಮಿನ್, ಒಂದು ಅಮೈನೋ ಆಮ್ಲ. ಮೈ ಇದನ್ನು ಬಳಸಿ ಉಳಿಸುವ ಕಸವನ್ನು ಕಿಡ್ನಿಯೇ ಹೊರಹಾಕಬೇಕು. ಹೊರದೇಶದಲ್ಲಿ, ಒಳಗಿನ ಅಂಗಗಳು ಸೋತ ರೋಗಿಗಳಿಗೆ ಇದನ್ನು ಹೆಚ್ಚಾಗಿ ಕೊಟ್ಟು ನೋಡಿದರೆ, ಪಡೆಯದವರಿಗಿಂತ ಪಡೆದವರಲ್ಲೇ ಹೆಚ್ಚು ಜನ ತೀರಿಕೊಂಡಿದ್ದರು. ಅದಕ್ಕೆ ಕಾರಣ ಯಾರಿಗೂ ಪೂರ್ತಿ ಗೊತ್ತಾಗಿಲ್ಲ. ಶೀನನಿಗೆ ಬೇಕಾದಷ್ಟು ಪ್ರೋಟೀನು ನಳಿಗೆಯ ಊಟದಲ್ಲೇ ಇದೆ.

ಜಲಜ ಡಬ್ಬಿಯನ್ನು ತಿರುಗಿಸುತ್ತಾ ಕೇಳಿದಳು.

"ಮಾರ್ಕೆಟಿನ್ ಚರಂಡಿ ಕಟ್ಕಂಡ್ರೆ, ಎಷ್ಟ್ ತಾಜಾ ಮೀನ್ ತಂದ್ ಸುರುದ್ರೂ ನಾತವೇ. ಹಾಂಗಾ?"

"ಸುಮಾರ್ ಹಾಂಗೇ," ಎಂದು ಶ್ರೀಲತಾ ನಕ್ಕರು.

"ಹಾಂಗಾರೆ ನಮ್ಮವ್ರನ್ನ್ ಉಳ್ಸಿದ್ದ್ ಎಂತ?"

"ಗೊತ್ತಿಲ್ಲೆ. ಈ ಪುಡಿಯೂ ಇರ್ಬೌದು. ನೀವ್ ತಿನ್ಸಿದ್ ಮೊಟ್ಟೆ, ಕಾಣಿ ಮೀನೂ ಇರ್ಬೌದು."

ಇಷ್ಟು ವರ್ಷ ಗಟ್ಟಿ ಎಂದುಕೊಂಡಿದ್ದ ನೆಲವೇ ಅಲುಗಿತು. ಆದರೂ ಜಲಜಳಿಗೆ ಸಿಟ್ಟು ಬರಲಿಲ್ಲ. ಗೊತ್ತಿಲ್ಲ ಎನ್ನುವ ಡಾಕ್ಟರನ್ನು ಅವಳು ಇದೇ ಮೊದಲು ಕಂಡದ್ದು. ಕೇಳುವುದು ಇನ್ನೂ ಬೇಕಾದಷ್ಟಿತ್ತು, ಅಷ್ಟರಲ್ಲಿ ಯಾರೋ ಕರೆದರು, ಶ್ರೀಲತಾ ಹೋದರು.

ಶೀನನ ಹೆಂಡತಿ ಚಂದ್ರಮತಿ ಓಡಿಬಂದಳು. ಅತ್ತು ಅತ್ತು ಅವಳ ಮುಖ ಬಾತಿತ್ತು. ಸುತ್ತ ನೋಡಿ, ಒಳಹೋಗುವ ಪಾಸನ್ನು ಜಲಜಳ ಕೈಗೆ ತುರುಕಿದಳು.

"ಅತ್ಗಿ, ಈಗ ಅವ್ರ ಹತ್ರ ಯಾರೂ ಇಲ್ಲೆ. ಒಂದ್ ಚಮ್ಚ ಹಾಕಿ ಬನ್ನಿ. ಇದ್ರೊಳ್ಗೆ ಜೀವ ಇತ್ತ್ ಅಂದದ್ ನೀವೇ ಅಲ್ದಾ?"

ಜಲಜ ಮುಚ್ಚಳವನ್ನು ಬಿಗಿಯಾಗಿ ತಿರುಗಿಸಿದಳು. ಪಾಸನ್ನು ಚಂದ್ರಮತಿಯ ಕೈಗೇ ಮರಳಿಸಿದಳು.

"ನಾನ್ ಹಾಕುದಿಲ್ಲೆ."