ಒಡೆಯದ ಪೈಪು

ನಮ್ಮಪ್ಪ ಕೊಳಾಯಿ ರಿಪೇರಿ ಮಾಡುವವನು. ಊರಿನ ನೀರೆಲ್ಲ ಅವನ ಮಾತು ಕೇಳುತ್ತಿತ್ತು. ನಾನು, ಅಕ್ಕ ಕೇಳುತ್ತಿರಲಿಲ್ಲ.

ಪ್ರತಿ ರಜೆಗೂ ಅಪ್ಪ ಊಟದ ಮೇಜಿನ ಮೇಲೆ ಸಮುದ್ರ ಹಾಸುತ್ತಿದ್ದ. ನೀಲಿ ಮೇಜುಬಟ್ಟೆಯೇ ನೀರು. ಉಪ್ಪಿನ ಡಬ್ಬಿ ಬಂದರು, ಕವುಚಿಟ್ಟ ಬಟ್ಟಲು ಹವಳದ ದಿಬ್ಬ.

"ಇಲ್ಲಿಂದ ಇಡೀ ದಿನ ದೋಣಿ. ಆಮೇಲೆ ಮುಖಕ್ಕೆ ಮಾಸ್ಕು, ಬಾಯಿಗೆ ಉಸಿರಾಡೋ ಕೊಳವೆ, ಬೋರಲು ಮಲಗಿ ತೇಲೋದು. ಕೆಳಗೆ ನೋಡಿದ್ರೆ ಬಣ್ಣಬಣ್ಣದ ಮೀನು!"

ಹೊರಡುವ ಹಿಂದಿನ ಸಂಜೆ, ಚೀಲಗಳೆಲ್ಲ ಬಾಗಿಲ ಬಳಿ ಬಂದು ಕೂತ ಮೇಲೆ, ಫೋನು ಬಡಿದುಕೊಳ್ಳುತ್ತಿತ್ತು. ಯಾರದೋ ಮನೆಯಲ್ಲಿ ಪೈಪು ಒಡೆದಿದೆ! ಅಪ್ಪ "ಛೆ" ಎಂದು ಸಾಮಾನಿನ ಚೀಲ ಹೆಗಲಿಗೇರಿಸುತ್ತಿದ್ದ. ಅಮ್ಮ ಬಟ್ಟೆಗಳನ್ನು ವಾಪಸು ಬೀರುವಿಗೆ ಜೋಡಿಸುತ್ತಿದ್ದಳು. ನಾನು ಮುಖ ಊದಿಸಿಕೊಂಡು ಊರಿನ ಪೈಪುಗಳಿಗೆಲ್ಲ ಶಾಪ ಹಾಕುತ್ತಿದ್ದೆ. ಆದರೂ ಮರುವರ್ಷ ಬಟ್ಟೆ ಹಾಸಿದ ಕೂಡಲೇ ಮೊದಲು ಕುರ್ಚಿ ಎಳೆಯುವವನು ನಾನೇ. ಆ ಸಂಜೆಗಳ ಸುಖ ನನಗೆ ಮತ್ತೆಲ್ಲೂ ಸಿಗಲಿಲ್ಲ.

ಈಗ ಅಮ್ಮ ಇಲ್ಲ. ಅಪ್ಪನ ತಲೆ ಪೂರ್ತಿ ಬೆಳ್ಳಗಾಗಿದೆ. ಈ ಸಲ ಅಪ್ಪ, ಅಕ್ಕ, ನಾನು ಮೂವರಿಗೂ ಟಿಕೆಟ್ ತೆಗೆಸಿದವನು ನಾನು. ಬಣ್ಣ ಹೋದ ಅದೇ ಮೇಜುಬಟ್ಟೆ ಹಾಸಿದೆ. ನಾನಿಟ್ಟ ಉಪ್ಪಿನ ಡಬ್ಬಿಯನ್ನು ಅಪ್ಪ ತುಸು ಸರಿಸಿ, "ಬಂದರು ಇಲ್ಲಿ ಬರಬೇಕು," ಎಂದ.

ಹೊರಡುವ ಹಿಂದಿನ ಸಂಜೆ, ಮಾಸ್ಕು ಹಾಕಿ ನೋಡಲೆಂದು ಬಚ್ಚಲಲ್ಲಿ ಟಬ್ಬು ತುಂಬಿಸಿದೆ. ಅಪ್ಪ ಬಗ್ಗಿ ಮುಖ ಮುಳುಗಿಸಿದ್ದೇ ತಡ, ಕೆಂಡ ಮುಟ್ಟಿದವನಂತೆ ಹಿಂದಕ್ಕೆ ಹಾರಿದ. ಮಾಸ್ಕು ಕಿತ್ತು ನನ್ನ ಕೈಗಿಟ್ಟ.

"ಪಟ್ಟಿ ಬಿಗಿ ಆಯ್ತು ಕಣೋ," ಎಂದು ಹಜಾರಕ್ಕೆ ನಡೆದ. ಪಟ್ಟಿ ಸಡಿಲವಾಗಿಯೇ ಇತ್ತು.

ಅಕ್ಕ ನನ್ನನ್ನು ಅಡುಗೆಮನೆಗೆ ಎಳೆದಳು. "ಅಪ್ಪಂಗೆ ಮುಳುಗೋದಂದ್ರೆ ಭಯ ಕಣೋ, ಚಿಕ್ಕಂದಿನಿಂದ. ಆಸೆ ಬೆಟ್ಟದಷ್ಟು, ಧೈರ್ಯ ಇಲ್ಲ."

"ಮತ್ತೆ ಆ ಪೈಪುಗಳು?"

"ಯಾವ ಪೈಪೂ ಒಡೀತಿರ್ಲಿಲ್ಲ. ಅಮ್ಮನೇ ಪಕ್ಕದ ಮನೆ ದರ್ಜಿ ಅತ್ತೆ ಕೈಲಿ ಫೋನ್ ಮಾಡಿಸ್ತಿದ್ಲು. ನಮ್ಮೆದುರು ಅಪ್ಪನ ಮರ್ಯಾದೆ ಹೋಗ್ಬಾರ್ದು ಅಂತ. ಕೊನೆಗಾಲದಲ್ಲಿ ನಂಗೆ ಹೇಳಿದ್ಲು."

"ಅಪ್ಪಂಗೆ ಗೊತ್ತಿತ್ತಾ?"

"ಒಡೆಯದ ಪೈಪು ರಿಪೇರಿ ಮಾಡಿ ಬರೋನಿಗೆ ಗೊತ್ತಿರಲ್ವಾ, ಪೆದ್ದ!"

ನನಗೆ ನಗು ಬಂತು. ಇಣುಕಿ ನೋಡಿದರೆ ಅಪ್ಪ ಫೋನಿನ ಪಕ್ಕದಲ್ಲೇ ಕೂತಿದ್ದ, ಅದು ಬಡಿದುಕೊಳ್ಳಲಿ ಎಂದು ಕಾಯುವವನಂತೆ. ನಾವಿಬ್ಬರೂ ಮುಖ ಮುಖ ನೋಡಿಕೊಂಡೆವು. ಈ ವಯಸ್ಸಿನಲ್ಲಿ ಅವನನ್ನು ಹಿಂಸಿಸಿ ಯಾವ ಮೀನು ನೋಡಬೇಕಿತ್ತು? ಅಕ್ಕ ಹಿತ್ತಲ ಬಾಗಿಲಿಂದ ಪಕ್ಕದ ಮನೆಗೆ ಹೋದಳು. ದರ್ಜಿ ಅತ್ತೆ ಇನ್ನೂ ಗಟ್ಟಿಮುಟ್ಟಾಗಿದ್ದಾರೆ, ಅವರ ಗಂಡಸಿನಂಥ ದನಿಯೂ ಹಾಗೇ ಇದೆ.

ಫೋನು ಬಡಿದುಕೊಂಡಿತು. ಅಪ್ಪ ಎತ್ತಿದ. ಅತ್ತಲಿನ ಮಾತು ಪೂರ್ತಿ ಕೇಳಿಸಿಕೊಂಡ. ಕಣ್ಣು ಅಮ್ಮನ ಕುರ್ಚಿಯ ಮೇಲಿತ್ತು.

"ಇಲ್ಲ ತಾಯಿ," ಎಂದ ಕೊನೆಗೆ. "ಅವಳಿದ್ದಾಗ ನಿಮ್ಮನೆ ಪೈಪು ಎಷ್ಟು ಸಲ ರಿಪೇರಿ ಮಾಡಿಲ್ಲ ಹೇಳಿ. ಇನ್ನು ಸಾಕು. ನಾಳೆ ಮಕ್ಕಳ ಜೊತೆ ಹೊರಟಿದ್ದೀನಿ."

ಫೋನು ಇಟ್ಟು, ಹೆದರಿದ ಮುಖದಲ್ಲೇ ನನ್ನತ್ತ ತಿರುಗಿದ.

"ಟಬ್ಬಿನ ನೀರು ಚೆಲ್ಲಿಲ್ಲ ತಾನೆ? ನಡಿ, ಇನ್ನೊಂದ್ಸಲ ನೋಡೋಣ. ಕೈ ಮಾತ್ರ ಹಿಡ್ಕೊಂಡಿರು."