ಬೀಜಕ್ಕೆ ಕೊಟ್ಟ ಕಾವು

“ಲೇ ಚಿಕ್ಕಸಿದ್ದಾ, ಸೌಟು ಮಡಗ್ಲಾ ಕೆಳಕ್ಕೆ! ಮೊದಲ್ನೆ ಅಚ್ಚು ಮಕ್ಕಳೊಂದಿಗರು ಉಯ್ಯಬೇಕು ಕಣ್ಲಾ. ನೀನು ಉಯ್ದು, ಬೆಲ್ಲಾನೂ ನಿನ್ನ ಸಂಸಾರದಂಗೆ ಕಟ್ಟದೆ ಓದಾತು!”

ಆಲೆಮನೆ ಯಜಮಾನ ಅಂದಾನಯ್ಯ ಇಷ್ಟು ಹೇಳಿ ಬಾಯಲ್ಲಿದ್ದ ಎಲೆಯಡಿಕೆಯನ್ನು ಪಿಚಕ್ಕೆಂದು ಉಗಿದ. ಅಚ್ಚಿನ ಮಣೆಯ ಸುತ್ತ ನಿಂತಿದ್ದ ಆಳುಗಳೆಲ್ಲ ಗೊಳ್ಳೆಂದರು. ಗಾಣಕ್ಕೆ ಕಬ್ಬು ಕೊಡುವ ಶಿವಣ್ಣ, “ಓಗ್ಲಿ ಬುಡಿ ಗೌಡ್ರೇ, ಉರಿ ಆಕೋದ್ರಲ್ಲಾದ್ರೂ ಗಂಡಸು ಅವ್ನು” ಎಂದು ಉಪ್ಪು ಸವರಿದ.

ಚಿಕ್ಕಸಿದ್ದಯ್ಯನ ಕೈಯ ಸೌಟಿನಲ್ಲಿ ಕುದಿಯುವ ಪಾಕವಿತ್ತು. ಅದನ್ನು ಶಿವಣ್ಣನ ಮೋರೆಗೆ ಎರಚಿಬಿಡೋಣವೆಂದು ಒಂದು ಗಳಿಗೆ ಅನ್ನಿಸಿದ್ದು ಸುಳ್ಳಲ್ಲ. ಆದರೆ ಸೌಟು ಕೆಳಗಿಟ್ಟು ಒಲೆಯ ಬಾಯಿಗೆ ಹಿಂತಿರುಗಿದ. ಕೂಲಿಯವನ ಸಿಟ್ಟು ಅವನ ದವಡೆಗೇ ಕೇಡು ತಾನೆ!

ಪಾಂಡವಪುರದ ಸೀಮೆಯಲ್ಲಿ ಕಬ್ಬು ಹಣ್ಣಾಯಿತೆಂದರೆ ಚಿಕ್ಕಸಿದ್ದಯ್ಯನ ವಾಸವೆಲ್ಲ ಆ ಒಲೆಯ ಗುಂಡಿಯಲ್ಲೇ. ಮೂರನೇ ಕ್ಲಾಸಿಗೆ ಸ್ಲೇಟು ಬಿಸಾಕಿಸಿ ಅವನಪ್ಪ ಅಲ್ಲಿ ಕೂರಿಸಿದ್ದ. ಅಪ್ಪ ಸತ್ತ, ಇವನು ಅಲ್ಲೇ ಬೆಳೆದ, ಅಲ್ಲೇ ಮೀಸೆ ಬಂತು. ಒಣಗಿದ ಕಬ್ಬಿನ ಸಿಪ್ಪೆಯನ್ನು ತೆಕ್ಕೆತೆಕ್ಕೆಯಾಗಿ ಉರಿಗೆ ತಳ್ಳುತ್ತಾ ತಳ್ಳುತ್ತಾ ತೊಡೆಯ ಕೂದಲೆಲ್ಲ ಸೀದು ನುಣ್ಣಗಾಗಿತ್ತು. ಊರಿನ ಬೆಲ್ಲಕ್ಕೆ ಬಣ್ಣ ಬರುವುದೇ ಇವನ ಉರಿಯಿಂದ ಎನ್ನುತ್ತಿದ್ದರು. ಬಣ್ಣ ಬೇಕಾದಾಗ ಚಿಕ್ಕಸಿದ್ದಯ್ಯ ಬೇಕು, ಅಚ್ಚು ಉಯ್ಯುವಾಗ ಬೇಡ.

ಮದುವೆಯಾಗಿ ಆರು ವರ್ಷವಾಗಿತ್ತು. ಹೊಣಕೆರೆಯಿಂದ ಬಂದ ಗೌರಮ್ಮನಿಗೆ ಅತ್ತೆ ಪುಟ್ಟತಾಯಮ್ಮ ಮಾಡಿಸದ ಶಾಸ್ತಿಯಿಲ್ಲ. ಒದ್ದೆ ಸೀರೆಯಲ್ಲಿ ಅರಳಿಮರ ಸುತ್ತಿಸಿದಳು. ಹೊಟ್ಟೆಗೆ ಬರೆ ಹಾಕಿಸಿದಳು. ಬೇವಿನ ಕಷಾಯ ಕುಡಿಸಿ ವಾಂತಿಯಾದರೆ ಮತ್ತೆ ಕುಡಿಸಿದಳು. “ಬೀಜಕ್ಕೇನದೆ ಕೇಡು? ವಲ ಚೌಳು!” ಎಂದು ಬೀದಿಗೆ ಕೇಳುವಂತೆ ಅನ್ನುವಳು. ಮಗ ಪಕ್ಕದಲ್ಲೇ ಕೂತು ಮುದ್ದೆ ನುಂಗುವನು.

ಆದರೆ ಅವನಿಗೂ ಒಳಗೊಳಗೇ ಅಳುಕಿತ್ತು. ಎರಡು ವರ್ಷದ ಹಿಂದೆ ಯಾರಿಗೂ ಹೇಳದೆ ಶೀಳನೆರೆಯ ಪಂಡಿತನೊಬ್ಬನ ಹತ್ತಿರ ಹೋಗಿದ್ದ. ಪಂಡಿತ ನಾಡಿ ಹಿಡಿದು, “ಶೀತದ ಮೈ ಕಣಪ್ಪ ನಿಂದು. ಬೀಜಕ್ಕೆ ಕಾವು ಸಾಲದು. ಕಾವು ಕೊಡು” ಎಂದಿದ್ದ. ಕಾವು ಕೊಡುವುದನ್ನು ಇವನಿಗೆ ಹೇಳಿಕೊಡಬೇಕೆ? ಅಂದಿನಿಂದ ಒಲೆಗೆ ಇನ್ನೊಂದು ಮೊಳ ಹತ್ತಿರ ಕೂತ. ಬೇರೆಯವನ ಪಾಳಿಯನ್ನೂ ತಾನೇ ಮಾಡಿದ. ಬಿಸಿ ಮರಳನ್ನು ಬಟ್ಟೆಯಲ್ಲಿ ಕಟ್ಟಿ ತೊಡೆಯ ಸಂದಿಗೆ ಇಟ್ಟುಕೊಂಡು ಹಲ್ಲು ಕಚ್ಚಿದ. ಗಂಡಸುತನಕ್ಕೆ ಕಾವೇರುತ್ತಿದೆಯೆಂದು ನಂಬಿದ.

ಈಗ ಪುಟ್ಟತಾಯಮ್ಮ ಬೆಳಗೊಳದಲ್ಲಿ ಇನ್ನೊಂದು ಹೆಣ್ಣು ನೋಡಿಬಿಟ್ಟಿದ್ದಳು. ಸೋಮವಾರ ಗೌರಮ್ಮನ ಅಪ್ಪ ಕರಿಯಯ್ಯ ಬಂದು ಮಗಳನ್ನು ಕರೆದುಕೊಂಡು ಹೋಗಬೇಕೆಂದು ಹೇಳಿಕಳುಹಿಸಿಯೂ ಆಗಿತ್ತು. ಗೌರಮ್ಮ ಗಂಡನಿಗೆ ಒಂದೇ ಮಾತು ಹೇಳಿದಳು: “ಮೈಸೂರಿನ ಡಾಕ್ಟ್ರಮ್ಮ ನನ್ನಲ್ಲೇನೂ ಐಬಿಲ್ಲ ಅಂದವ್ರೆ. ನೀವೊಂದು ಕಿತ ಬನ್ನಿ. ಆಮ್ಯಾಕೆ ಬೇಕಾರೆ ಕಳ್ಸಿ.”

ಬೇರೆ ದಿನವಾಗಿದ್ದರೆ ಕೆನ್ನೆಗೆ ಬಾರಿಸುತ್ತಿದ್ದ. ಅಂದಾನಯ್ಯನ ಮಾತು ಎದೆಯಲ್ಲಿ ಮುಳ್ಳಿನಂತೆ ಮುರಿದು ನಿಂತಿದ್ದರಿಂದ, “ನಡಿ. ಆ ಡಾಕ್ಟ್ರು ಬಾಯಿಂದ್ಲೇ ಗಂಡಸು ಅನ್ನಿಸ್ಕಂಡು ಬತ್ತೀನಿ” ಎಂದು ಮಾರನೆಯ ಬೆಳಗ್ಗೆಯೇ ಹೊರಟ.

ಆಸ್ಪತ್ರೆಯ ಗೋಡೆಯ ಮೇಲೆ ಕುಟುಂಬ ಯೋಜನೆಯ ಕೆಂಪು ತ್ರಿಕೋನ. ಅದರ ಕೆಳಗೆ ನಗುವ ಗಂಡ, ನಗುವ ಹೆಂಡತಿ, ಎರಡು ಮಕ್ಕಳು. ಸಾಕು ಸಾಕು ಎಂಬ ಬರಹ. ಯಾರಿಗೋ ಸಾಕಂತೆ! ಚಿಕ್ಕಸಿದ್ದಯ್ಯ ಅದರ ಕಡೆ ಬೆನ್ನು ಹಾಕಿ ಕೂತ. ಸೀಸೆ ಕೊಟ್ಟು ಒಳಕ್ಕೆ ಕಳಿಸಿದಾಗ ಆದ ನಾಚಿಕೆಯನ್ನು ಹೇಳದಿರುವುದೇ ಲೇಸು.

ಗಂಡಸರನ್ನು ನೋಡುವ ಡಾಕ್ಟರು ಬೇರೆ; ವಯಸ್ಸಾದವರು, ಒಳ್ಳೆಯವರೇ. ಗಂಡಹೆಂಡಿರಿಬ್ಬರನ್ನೂ ಒಳಗೆ ಕರೆದು, ದುರ್ಬೀನಿನಂಥ ಯಂತ್ರಕ್ಕೆ ಚಿಕ್ಕಸಿದ್ದಯ್ಯನ ಕಣ್ಣು ಕೊಡಿಸಿದರು.

“ಏನು ಕಾಣುತ್ತೆ?”

“ಗೊದಮೊಟ್ಟೆ ಇದ್ದಂಗವೆ ಸ್ವಾಮಿ. ಅಲ್ಲೊಂದು ಇಲ್ಲೊಂದು. ಒಂದು ಇದ್ದಲ್ಲೇ ಗಿರಕಿ ಒಡೀತದೆ. ಮಿಕ್ಕವು ಅಲ್ಲಾಡಾಕಿಲ್ಲ.”

“ಅದು ನಿನ್ನ ಬೀಜ ಕಣಪ್ಪ. ಆ ಜಾಗದಲ್ಲಿ ಜಾತ್ರೆ ಸೇರಿದ ಹಾಗೆ ಕಿಕ್ಕಿರಿದಿರಬೇಕು. ಕೋಟಿಗಟ್ಟಲೆ ಹೊರಡ್ತವೆ, ದಾರಿಯಲ್ಲೇ ಬಹುಪಾಲು ಸಾಯ್ತವೆ. ಹೆಣ್ಣಿನ ಮೊಟ್ಟೆ ಹತ್ತಿರ ಮುಟ್ಟೋದು ಕೆಲವು ಮಾತ್ರ. ಮೊಟ್ಟೆಗೆ ಸುತ್ತ ಒಂದು ಪೊರೆ ಇರುತ್ತೆ. ಬೀಜ ಹೋಗಿ ಅದನ್ನ ಕಚ್ಚಿಕೊಳ್ಳಬೇಕು. ಕಚ್ಚಿಕೊಂಡವುಗಳಲ್ಲಿ ಒಂದು ತೂರಿ ಒಳಗೆ ಹೋಯಿತೋ, ಮೊಟ್ಟೆ ಮಿಕ್ಕವಕ್ಕೆ ಬಾಗಿಲು ಮುಚ್ಚುತ್ತೆ. ನಿನ್ನವು ಬಾಗಿಲ ತನಕ ಹೋಗಲ್ಲ. ಹೋದರೂ ಕಚ್ಚೋ ಶಕ್ತಿ ಇಲ್ಲ.” ಡಾಕ್ಟರು ಅವನ ಸೀದ ತೊಡೆಗಳನ್ನು ನೋಡಿದ್ದರು. “ಏನು ಕೆಲಸ ಮಾಡ್ತೀಯ?”

ಹೇಳಿದ. ಮರಳಿನ ಗಂಟಿನ ವಿಷಯವನ್ನೂ ಹೇಳಿದ.

ಡಾಕ್ಟರು ಕನ್ನಡಕ ತೆಗೆದರು. “ಬೀಜದ ಚೀಲವನ್ನ ದೇವರು ಮೈಯಿಂದ ಆಚೆ ಯಾಕೆ ತೂಗುಹಾಕಿದ ಅಂದುಕೊಂಡೆ? ತಂಪಿಗೆ. ಮೈಯ ಕಾವೇ ಅದಕ್ಕೆ ಹೆಚ್ಚು. ನೀನು ಬೇಯಿಸಿಬಿಟ್ಟಿದೀಯಲ್ಲಪ್ಪ!”

“ಒಲೆ ಬುಟ್ರೆ ಸರಿಯಾಗ್ತದಾ ಸ್ವಾಮಿ?”

“ಬಿಡು. ಬಿಟ್ಟು ನೋಡು. ಆದರೆ ಚಿಕ್ಕಂದಿನಿಂದ ಸುಟ್ಟಿರೋದು... ನಾನು ಆಸೆ ಹುಟ್ಟಿಸಲ್ಲ.”

ಹಿಂದಿರುಗುವಾಗ ಬಸ್ಸು ಶ್ರೀರಂಗಪಟ್ಟಣದ ಸೇತುವೆ ದಾಟಿತು. ಚಿಕ್ಕಸಿದ್ದಯ್ಯನಿಗೆ ಯಾರ ಮೇಲೆ ಸಿಟ್ಟು ಮಾಡಬೇಕೆಂದೇ ತಿಳಿಯಲಿಲ್ಲ. ಒಲೆಗೆ ನೂಕಿದ ಅಪ್ಪನ ಮೇಲೋ, ಇನ್ನಷ್ಟು ಸುಡು ಎಂದ ಪಂಡಿತನ ಮೇಲೋ, ಬಣ್ಣದ ಬೆಲ್ಲ ಮಾರಿ ಹಂಚಿನ ಮನೆ ಕಟ್ಟಿದ ಅಂದಾನಯ್ಯನ ಮೇಲೋ?

“ಯಾರ್ ತಾವೂ ಬಾಯಿ ಬುಡಬ್ಯಾಡ” ಎಂದ.

“ನಾನು ಯೋಳಾಕಿಲ್ಲ” ಎಂದಳು ಗೌರಮ್ಮ. “ಯೋಳುದ್ರೂ ನನ್ ಮಾತು ಯಾರು ನಂಬಾರು? ನೀವು ಯೋಳಿ. ನೀವು ಯೋಳ್ದಿದ್ರೆ ನಾನು ಬಂಜೆ ಅನ್ನಿಸ್ಕಂಡು ಅಪ್ಪನ ಮನೇಲಿ ಸಾಯಬೇಕು. ಆ ಬೆಳಗೊಳದ ಮಗೀನೂ ನಾಳೆ ಇದೇ ಕಷಾಯ ಕುಡೀಬೇಕು.”

ಅವನು ಕಿಟಕಿಯ ಕಡೆ ತಿರುಗಿದ.

ಸೋಮವಾರ ಕರಿಯಯ್ಯ ಬಂದ. ಪುಟ್ಟತಾಯಮ್ಮ ನ್ಯಾಯಕ್ಕೆಂದು ಅಂದಾನಯ್ಯನನ್ನೂ ಕರೆಸಿದ್ದಳು. ಜಗಲಿಯ ತುಂಬ ಜನ. ಗೌರಮ್ಮ ಬಾಗಿಲಲ್ಲಿ ನಿಂತಿದ್ದಳು, ಕಾಲ ಹತ್ತಿರ ಸೀರೆಯ ಗಂಟು.

ಕರಿಯಯ್ಯ ಮಾತು ತಡೆತಡೆದು ಹೇಳಿದ: “ಅಳಿಯಂದಿರೇ, ನಾನು ಜಗಳಕ್ಕೆ ಬಂದಿಲ್ಲ. ಡಾಕ್ಟ್ರು ತಾಕೆ ಇಬ್ರೂ ಓಗಿದ್ರಂತೆ. ನನ್ ಮಗಳಲ್ಲೇ ದೋಸ ಅದೆ ಅಂತ ನೀವೊಂದು ಮಾತು ಅನ್ನಿ, ತಲೆ ಬಗ್ಗುಸ್ಕಂಡು ಕರ್ಕೊಂಡೋಯ್ತೀನಿ. ಇಲ್ಲ ಅಂದ್ರೆ ಇಲ್ಲ ಅನ್ನಿ.”

“ಅದ್ರಾಗೆ ಕೇಳಾದೇನದೆ?” ಪುಟ್ಟತಾಯಮ್ಮ ಸಿಡಿದಳು. “ನನ್ ಮಗ ಉಕ್ಕಿನಂಗವ್ನೆ.”

“ಸುಮ್ಕಿರಮ್ಮಿ ನೀನು” ಎಂದ ಅಂದಾನಯ್ಯ. “ಯೋಳ್ಲಾ ಚಿಕ್ಕಸಿದ್ದಾ. ಡಾಕ್ಟ್ರು ಏನಂದ್ರು?”

ಎಲ್ಲರ ಕಣ್ಣೂ ಅವನ ಮೇಲೆ ಬಿದ್ದವು. ಗೌರಮ್ಮ ಅಳುತ್ತಿರಲಿಲ್ಲ, ಕೈಮುಗಿಯಲೂ ಇಲ್ಲ, ಸುಮ್ಮನೆ ನೋಡುತ್ತಿದ್ದಳು. ಮಾತು ಅವನ ಗಂಟಲಿಗೆ ಬಂದಿತ್ತು. ಇನ್ನೊಂದು ಉಸಿರಿಗೆ ಹೊರಗೆ ಬೀಳುತ್ತಿತ್ತೋ ಏನೋ. ಆದರೆ ಜಗಲಿಯ ತುದಿಯಲ್ಲಿ ಶಿವಣ್ಣ ಆಗಲೇ ನಗಲು ಬಾಯಿ ಅಣಿಮಾಡಿಕೊಂಡು ಕೂತಿದ್ದುದು ಅವನ ಕಣ್ಣಿಗೆ ಬಿತ್ತು.

ಚಿಕ್ಕಸಿದ್ದಯ್ಯ ಟವಲ್ಲನ್ನು ಹೆಗಲಿಗೆ ಎಸೆದುಕೊಂಡು ಜಗಲಿಯಿಂದ ಇಳಿದ.

“ಅಳಿಯಂದಿರೇ!” ಎಂದ ಕರಿಯಯ್ಯ.

“ಲೇ, ಯೋಳಿ ಓಗ್ಲಾ!” ಎಂದ ಅಂದಾನಯ್ಯ.

ಗೌರಮ್ಮ ಮಾತ್ರ ಕರೆಯಲಿಲ್ಲ. ಅವನು ನಾಲೆಯ ದಾರಿ ಹಿಡಿದು ನಡೆದ. ಹಿಂದುಗಡೆ ಅವ್ವನ ದನಿ ಊರಿಗೆಲ್ಲ ಕೇಳುವಂತೆ ಏಳುತ್ತಿತ್ತು: “ಕಂಡ್ರಾ? ಎಂಡ್ತಿ ಮಾನ ಕಳೀಬಾರ್ದು ಅಂತ ನನ್ ಮಗ ಬಾಯೇ ಬುಡ್ನಿಲ್ಲ. ಅಂಥಾ ದೊಡ್ಡ ಗುಣ ಅವುಂದು!” ಅವನು ತಿರುಗಿ ನೋಡಲಿಲ್ಲ.