ಸೂರಮ್ಮನ ಮೊಟ್ಟೆ, ಪವಿತ್ರಳ ಸಂಶೋಧನೆ

ದೊಡ್ಡಉಳ್ಳಾರ್ತಿಯ ಸೂರಮ್ಮನಿಗೆ ವಿಜ್ಞಾನ ತಿಳಿಯದು ಅಂತ ಯಾರಾದರೂ ಅಂದರೆ ಅದು ಶುದ್ಧ ಸುಳ್ಳು. ಕುರಿಯ ಮೆತ್ತನೆ ಎಲುಬಿನಲ್ಲಿ ಒಂದು ಸತ್ವ ಇದೆ, ಅದು ಹೊಸ ರಕ್ತನಾಳ ಹುಟ್ಟದಂತೆ ತಡೆಯುತ್ತದೆ, ನಾಳ ಇಲ್ಲದಿದ್ದರೆ ಕ್ಯಾನ್ಸರ್ ಗಡ್ಡೆಗೆ ಕೂಳಿಲ್ಲ ಅಂತ ಆಕೆ ಅಂಗಳದಲ್ಲಿ ಕೂತೇ ಕಲಿತಿದ್ದಳು. ಕಲಿಸಿದವಳು ಊರಾಚೆ ಕಾವಲಿನ ಹುಲ್ಲುಗಾವಲಲ್ಲಿ ಎದ್ದ ಹೊಸ ವಿಜ್ಞಾನ ಕ್ಯಾಂಪಸ್ಸಿನಲ್ಲಿ ಸಂಶೋಧನೆಗೆ ಸೇರಿದ್ದ ಪವಿತ್ರ. ಅವಳಿಗೆ ಮರಿಯಾಗುವಂಥ ಜವಾರಿ ಮೊಟ್ಟೆ ಬೇಕು. ಕಾವು ಕೊಟ್ಟರೆ ಮೊಟ್ಟೆಯೊಳಗೆ ನಾಳಗಳು ಎಳೆಎಳೆಯಾಗಿ ಹರಡುತ್ತವೆ. ಚಿಪ್ಪಿಗೊಂದು ಕಿಂಡಿ ಕೊರೆದು ಸತ್ವದ ತೊಟ್ಟು ಬಿಟ್ಟು, ನಾಳ ನಿಂತಿತೋ ಇಲ್ಲವೋ ನೋಡಬೇಕು. ಮೊಟ್ಟೆಯೆಲ್ಲ ಸೂರಮ್ಮನ ಮನೆಯವು.

ಮೊದಲ ಸಲ ನಾಳಗಳು ಕೊಂಚ ಕಮ್ಮಿಯಾದವು. ಅಷ್ಟಕ್ಕೇ ಹುಡುಗಿ ಕುಣಿದಾಡಿದಳು. ಬರೀ ಬಾಯಲ್ಲಿ ಹೊಗಳಿದರೆ ಏನು ಚೆನ್ನ ಅಂತ ಸೂರಮ್ಮ ಹುಂಜ ಕೊಯ್ದು ಸಾರು ಮಾಡಿ ಬಡಿಸಿದಳು. ಮನೆಯಲ್ಲಿದ್ದುದು ಅದೊಂದೇ ಹುಂಜ. ಪವಿತ್ರ ಎರಡು ಮುದ್ದೆ ಇಳಿಸಿ, ಕಾಲಿನ ತುಂಡನ್ನು ಕೇಳಿ ಹಾಕಿಸಿಕೊಂಡಳು.

ತಿಂಗಳು ಕಳೆದ ಮೇಲೆ ಒಂದು ಮಧ್ಯಾಹ್ನ ಸ್ಕೂಟಿಯನ್ನು ಗೋಡೆಗೆ ಒರಗಿಸಿ ಓಡಿ ಬಂದಳು.

"ಸೂರಮ್ಮಾ, ಈ ಸಲ ಹನ್ನೆರಡು ಮೊಟ್ಟೇಲೂ ಒಂದೇ ಒಂದು ನಾಳ ಹುಟ್ಟಿಲ್ಲ ಕಣ್ರಿ. ನಾಳೆ ದೊಡ್ಡ ಸರ್‌ಗೆ ತೋರಿಸ್ತೀನಿ. ಹೋಲಿಸಿ ನೋಡಾಕೆ ಬರೀ ನೀರು ಬಿಟ್ಟಿರೋ ಮೊಟ್ಟೆ ಬೇರೆ ಅದಾವೆ, ಅವನ್ನ ಅವರೆದುರಿಗೇ ತೆಗೀತೀನಿ."

ಸೂರಮ್ಮ ಅಂಗಳದತ್ತ ನೋಡಿದಳು, ಮೇಯುತ್ತಿದ್ದುದೆಲ್ಲ ಬರೀ ಹೇಂಟೆ. ಹುಡುಗಿ ಮೊಟ್ಟೆ ಕೇಳಿದಳು, ತಾನು ಕೊಟ್ಟಳು. ಹುಂಜದ ನೆನಪು ಯಾರಿಗಿತ್ತು? ಹುಂಜವಿಲ್ಲದ ಮೊಟ್ಟೆಯಲ್ಲಿ ಮರಿಯೆಲ್ಲಿ, ನಾಳವೆಲ್ಲಿ? ನೀರು ಬಿಟ್ಟ ಮೊಟ್ಟೆಯೂ ಖಾಲಿಯೇ. ನಾಳೆ ಎಲ್ಲರೆದುರು ಹುಡುಗಿಯ ಮಾನ ಹರಾಜು.

ಜಗಲಿಯ ಮೇಲಿದ್ದ ಗಂಡ ನಾಗೇಂದ್ರಪ್ಪ ಬಾಯಿ ಬಿಡಬೇಡ ಅಂತ ಕಣ್ಸನ್ನೆ ಮಾಡಿದ. ಹೇಳಿದರೆ ಈ ಹುಡುಗಿ ಮತ್ತೆ ಈ ಕಡೆ ತಲೆ ಹಾಕುತ್ತಾಳೋ ಇಲ್ಲವೋ ಅಂತ ಸೂರಮ್ಮನಿಗೂ ಭಯವೇ. ಆದರೂ ಆ ಅರಳಿದ ಮುಖ ನೋಡಿ ಸುಮ್ಮನಿರಲಾಗಲಿಲ್ಲ.

"ಮಗಾ, ನಾಳ ನಿಲ್ಸಿದ್ದು ನಿನ್ ಎಲುಬಿನ ಸತ್ವ ಅಲ್ಲ. ಅವು ಹುಂಜ ಇಲ್ಲದ ಮೊಟ್ಟೆ."

"ಹುಂಜ ಎಲ್ಲಿಗೆ ಹೋಯ್ತು?"

"ನೀನೇ ಉಂಡೆಯಲ್ಲವ್ವ."

ಪವಿತ್ರ ಜಗಲಿಯ ಮೇಲೆ ಕೂತಳು. ಬೆರಳು ಮಡಚಿ ದಿನ ಎಣಿಸಿದಳು. ಆಮೇಲೆ ಸರ್‌ಗೆ ಫೋನ್ ಮಾಡಿ, ಪ್ರಯೋಗವನ್ನು ಮೊದಲಿಂದ ಶುರು ಮಾಡಬೇಕು ಅಂದಳು. ಅತ್ತಲಿಂದ ಕಾರಣ ಕೇಳಿದಾಗ ಕೆಮ್ಮತೊಡಗಿದಳು. ಫೋನಿಟ್ಟವಳೇ ಸ್ಕೂಟಿ ಹತ್ತಿ ಹೊರಟೇಹೋದಳು.

ವಾರವೆಲ್ಲ ಸೂರಮ್ಮನಿಗೆ ಅನ್ನ ಸೇರಲಿಲ್ಲ. ಎಂಟನೆಯ ದಿನ ಪವಿತ್ರ ಚಳ್ಳಕೆರೆಯಿಂದ ಒಂದು ಹುಂಜ ತಂದು ಅಂಗಳದಲ್ಲಿ ನಿಂತಳು. ಸೂರಮ್ಮನ ಕಣ್ಣು ತುಂಬಿ ಬಂತು.

"ಬಿಸಿಲು ಜಾಸ್ತಿ ಐತೆ, ಒಳಗೆ ಬಾ ಮಗಾ. ಉಂಡ್ಕಂಡೇ ಹೋಗು."

ಪವಿತ್ರ ಹುಂಜವನ್ನು ಎದೆಗೆ ಅವುಚಿಕೊಂಡು ಒಂದು ಹೆಜ್ಜೆ ಹಿಂದೆ ಸರಿದಳು.

"ಏನ್ ಅಡುಗೆ ಅಂತ ಮೊದ್ಲು ಹೇಳ್ರಿ."